ಕ್ಲಾರಿನೆಟ್ ಕಚ್ಚಿ ನಿಂತ ವಸೀಂ

ಶಿಕಾರಿಪುರದಲ್ಲಿ ಈಚಿನ ವರ್ಷಗಳಲ್ಲಿ ಮದುವೆಯಾದವರು ತಮ್ಮ ಆಲ್ಬಮ್ ತೆಗೆದು ನೋಡಿದರೆ ದಿಬ್ಬಣದ ಫೋಟೋದಲ್ಲಿ ನಮ್ಮ ಬ್ಯಾಂಡ್ ಸೆಟ್ ಸಿಕ್ಕೇ ಸಿಗುತ್ತದೆ. ಕೆಂಪು ಕೋಟು, ಹೆಗಲ ಮೇಲೆ ಬಂಗಾರದ ಬಣ್ಣದ ಗೊಂಡೆ. ದೊಡ್ಡ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಯಾರನ್ನೋ ಬೈಯುತ್ತಿರುವ ಹಾಗೆ ಕಾಣುವವನು ನಾನು. ನನ್ನ ಪಕ್ಕದಲ್ಲಿ ತೆಳ್ಳಗೆ, ಕ್ಲಾರಿನೆಟ್ ಕಚ್ಚಿಕೊಂಡು ನಿಂತವನು ವಸೀಂ. ಹಾಡು ನಿಂತು ಉಳಿದವರೆಲ್ಲ ವಾದ್ಯ ಇಳಿಸಿ ಬೆವರು ಒರೆಸಿಕೊಳ್ಳುತ್ತಿರುವ ಫೋಟೋದಲ್ಲೂ ಅವನ ವಾದ್ಯ ಬಾಯಲ್ಲೇ ಇರುತ್ತದೆ. ನೋಡಿದವರು ಎಂಥ ಶ್ರದ್ಧೆಯ ಹುಡುಗ ಅಂದುಕೊಳ್ಳುತ್ತಾರೆ. ಶ್ರದ್ಧೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅವನು ವಾದ್ಯ ಇಳಿಸದೆ ಇರುವುದು ಹಲ್ಲು ಕಾಣಬಾರದು ಅಂತ.

ವಸೀಂ ನಮ್ಮ ಮಾಸ್ತರ್ ಅಜಮತ್ ಉಲ್ಲಾ ಅವರ ಮಗ. ಮಾಸ್ತರ್ರ ತಂದೆಯ ಕಾಲದಿಂದಲೂ ಆ ಮನೆಗೆ ಬ್ಯಾಂಡೇ ಅನ್ನ. ನಾನು ಸೊರಬದ ಕಡೆಯವನು, ಕುಬಟೂರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಕಂಡ ಕಂಡ ಕಡೆ ಕೆಲಸಕ್ಕೆ ಸೇರಿ, ಜಗಳ ಮಾಡಿ ಬಿಟ್ಟು, ಕೊನೆಗೆ ಈ ಡ್ರಮ್ಮಿಗೆ ಬಂದು ನಿಂತೆ. ಇಲ್ಲಿ ಎಷ್ಟು ಸಿಟ್ಟು ಬಂದರೂ ಹೊಡೆಯಲಿಕ್ಕೆ ಒಂದು ಸಾಮಾನು ಇದೆ ಅಂತ ಮಾಸ್ತರ್ರೇ ತಮಾಷೆ ಮಾಡುತ್ತಿದ್ದರು. ಹಾಗಾಗಿ ವಸೀಮನನ್ನು ಅವನು ತೊಟ್ಟಿಲಲ್ಲಿ ಇದ್ದಾಗಿನಿಂದ ನೋಡಿದ್ದೇನೆ.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೇ ಮಾಸ್ತರ್ರು ಅವನ ಬಾಯಿಗೆ ಕ್ಲಾರಿನೆಟ್ ಇಟ್ಟರು. ಅವರ ಮನೆಯಲ್ಲಿ ಅದೇ ಪದ್ಧತಿ. ಆ ವಾದ್ಯದ ಭಾರವೆಲ್ಲ ಬಲಗೈ ಹೆಬ್ಬೆರಳಿನ ಮೇಲೆ, ಮೇಲಿನ ಮುಂದಿನ ಎರಡು ಹಲ್ಲಿನ ಮೇಲೆ. ಹುಡುಗನ ಹೆಬ್ಬೆರಳು ನೋಯುತ್ತದೆಂದು ತಾಯಿ ಕುಬ್ರಾ ಬೀ ಹಳೇ ಸೀರೆಯ ಪಟ್ಟಿ ಸುತ್ತಿ ಕಳಿಸುತ್ತಿದ್ದರು. ಹಲ್ಲಿನ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ. ಹಲ್ಲು ಕಲ್ಲಿನಂಥದ್ದು, ಅದಕ್ಕೇನು ನೋವು ಅಂತ ನಾವು ತಿಳಿದುಕೊಂಡಿದ್ದೆವು. ಹೈಸ್ಕೂಲು ಸೇರುವಷ್ಟರಲ್ಲಿ ಅವನ ಮೇಲಿನ ಹಲ್ಲುಗಳು ಎಷ್ಟು ಮುಂದೆ ಬಂದವೆಂದರೆ ತುಟಿ ಮುಚ್ಚಬೇಕಾದರೆ ಗದ್ದ ಬಿಗಿದುಕೊಳ್ಳಬೇಕಿತ್ತು. ಶಾಲೆಯಲ್ಲಿ ಅವನಿಗೆ ತೆಂಗಿನಕಾಯಿ ತುರಿಯೋ ಮಣೆ ಅಂತ ಹೆಸರು ಬಿತ್ತು.

ಇದರ ಜೊತೆಗೆ ದೇವರು ಅವನಿಗೆ ಇನ್ನೊಂದು ಕೊಟ್ಟಿದ್ದ. ದನಿ. ಮದುವೆ ಮುಗಿಸಿ ಮಧ್ಯಾಹ್ನದ ಮೇಲೆ ನಾವೆಲ್ಲ ಟೆಂಪೋದಲ್ಲಿ ವಾಪಸ್ಸು ಬರುವಾಗ, ಡ್ರಮ್ಮುಗಳ ಹಿಂದೆ ಯಾರಿಗೂ ಮುಖ ಕಾಣದ ಹಾಗೆ ಕೂತು ಅವನು ಹಾಡುತ್ತಿದ್ದ. ಹಳೇ ಸಿನಿಮಾ ಹಾಡು, ತಾಳಗುಂದದ ಹೆಂಗಸರು ಧಾರೆ ಹೊತ್ತಿನಲ್ಲಿ ಹಾಡುವ ಸೋಬಾನೆ, ಮೊಹರಂ ಪದ, ಕಿವಿಗೆ ಬಿದ್ದದ್ದೆಲ್ಲ. ಡ್ರೈವರ್ ಟೆಂಪೋ ನಿಧಾನ ಮಾಡುತ್ತಿದ್ದ. ನಮಗೆಲ್ಲ ಗೊತ್ತಿತ್ತು, ಬರೀ ಊದುವ ಬ್ಯಾಂಡಿಗೆ ಇನ್ನು ಕಾಲವಿಲ್ಲ. ಎಲ್ಲ ಕಡೆ ಮೈಕ್ ಹಿಡಿದು ಮುಂದೆ ನಿಂತು ಹಾಡುವವನು ಬೇಕು ಅಂತಿದ್ದರು. ಅಂಥವನು ನಮ್ಮ ಟೆಂಪೋದಲ್ಲೇ ಇದ್ದ. ಆದರೆ ಕ್ಲಾರಿನೆಟ್ ಊದಿದರೆ ಬಾಯಿ ಮುಚ್ಚಿರುತ್ತದೆ, ಹಾಡಿದರೆ ತೆರೆಯಬೇಕು. ಅವನು ಮುಂದೆ ಬರಲೊಲ್ಲ.

‘ಹಲ್ಲು ಸರಿಯಾಗ್ಲಿ ಸುರೇಂದ್ರಣ್ಣ, ಆಮೇಲೆ ನಾನೇ ಮೈಕ್ ಕಸ್ಕೊಂಡು ಹಾಡ್ತೀನಿ, ನೀವು ಬ್ಯಾಡ ಅಂದ್ರೂ ಬಿಡಂಗಿಲ್ಲ’ ಅಂತ ಒಮ್ಮೆ ನನಗೆ ಹೇಳಿದ್ದ.

ಅವನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಹಲ್ಲಿನ ಕ್ಯಾಂಪ್ ಬಂತು. ಹಲ್ಲಿನ ಡಾಕ್ಟರಿಕೆ ಕಲಿಸುವ ಯಾವುದೋ ಕಾಲೇಜಿನವರು. ಮಕ್ಕಳನ್ನು ಸಾಲಾಗಿ ಕೂರಿಸಿ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದರು. ಒಬ್ಬ ಡಾಕ್ಟರಮ್ಮ, ಇನ್ನೂ ಓದುತ್ತಿದ್ದ ಹುಡುಗಿ, ವಸೀಮನ ಬಾಯಿ ನೋಡಿದವಳೇ ಏನಾದರೂ ಊದುತ್ತೀಯಾ ಅಂತ ಕೇಳಿದಳಂತೆ. ಹುಟ್ಟಿನಿಂದಲೇ ಸ್ವಲ್ಪ ಮುಂದಿದ್ದದ್ದನ್ನು ವಾದ್ಯ ಇನ್ನಷ್ಟು ದೂಡಿದೆ, ಈಗ ಮಾಡಿಸಿದರೆ ಸರಿಹೋಗುತ್ತದೆ, ನಮ್ಮ ಕಾಲೇಜಿನಲ್ಲಿ ಖರ್ಚೂ ಕಡಿಮೆ, ನಿನ್ನ ತಂದೆಯನ್ನು ಕರೆದುಕೊಂಡು ಬಾ ಅಂದಳು. ಅವನ ಹಿಂದೆ ಕೂತಿದ್ದವಳು ಚೈತ್ರ. ಮಂಡಿ ಚಂದ್ರಶೇಖರಪ್ಪನವರ ಎರಡನೇ ಮಗಳು. ಅವಳದ್ದು ಒಂದು ಹಲ್ಲು ಪಕ್ಕದ ಹಲ್ಲಿನ ಭುಜಕ್ಕೆ ಚೂರು ಒರಗಿತ್ತು, ಅಷ್ಟೆ. ನಿನಗೇನೂ ಬೇಡಮ್ಮ, ಚೆನ್ನಾಗೇ ಇದೆ ಅಂತ ಅದೇ ಡಾಕ್ಟರಮ್ಮ ಅವಳಿಗೆ ಹೇಳಿದ್ದಳು.

ಬೇಡ ಅನ್ನಿಸಿಕೊಂಡವಳಿಗೆ ಅದೇ ದಸರಾ ರಜೆಯಲ್ಲಿ ಕ್ಲಿಪ್ ಬಿತ್ತು. ಅವಳ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಲ್ಲ ಹಾಕಿಸಿಕೊಂಡಿದ್ದರು, ಇವಳೊಬ್ಬಳು ಯಾಕೆ ಬಿಡಬೇಕು ಅಂತ. ತಿಂಗಳಿಗೊಮ್ಮೆ ಕಾರಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದು, ಈ ಸಲ ನೀಲಿ ರಬ್ಬರ್, ಈ ಸಲ ಗುಲಾಬಿ ಅಂತ ಗೆಳತಿಯರಿಗೆ ತೋರಿಸುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಮಗು ಅದು. ಆದರೆ ಆ ದಿನಗಳಲ್ಲೇ ಒಂದು ಬೆಳಿಗ್ಗೆ ವಸೀಂ ಟೆಂಪೋದ ಕನ್ನಡಿಯ ಮುಂದೆ ನಿಂತು, ಚಾಕೊಲೇಟಿನ ಬೆಳ್ಳಿ ಕಾಗದವನ್ನು ತೆಳ್ಳಗೆ ಹೊಸೆದು ಹಲ್ಲಿಗೆ ಅಂಟಿಸಿಕೊಂಡು, ನಗುವುದು ಹೇಗೆಂದು ನೋಡಿಕೊಳ್ಳುತ್ತಿದ್ದ. ನಾನು ಕಂಡಿದ್ದು ಅವನಿಗೆ ಗೊತ್ತಾಗಲಿಲ್ಲ. ಹಾಗೇ ಹಿಂದಕ್ಕೆ ಸರಿದು ಹೋದೆ.

ಮಾಸ್ತರ್ರಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರೂ ತಿಳಿಯಬಾರದು. ಕ್ಯಾಂಪಿನ ಸುದ್ದಿ ಕೇಳಿದ ದಿನದಿಂದ ಅವರಿಗೆ ಅದೇ ಯೋಚನೆ. ತಡವಾಗಿದ್ದು ದಿನಕ್ಕಾಗಿ. ನಮ್ಮ ಕಸುಬಿನವರ ದಿನದ ಲೆಕ್ಕವೇ ಬೇರೆ. ಮುಹೂರ್ತ ಇದ್ದ ದಿನ ನಮಗೆ ಕಾಯಿಲೆಯೂ ಬರುವ ಹಾಗಿಲ್ಲ. ಪಂಚಾಂಗ ನೋಡುವುದರಲ್ಲಿ ಮಾಸ್ತರ್ರನ್ನು ಮೀರಿಸುವ ಭಟ್ಟರು ನಮ್ಮ ತಾಲೂಕಿನಲ್ಲಿ ಕಡಿಮೆ. ಯಾವ ಮಾಸ ಶೂನ್ಯ, ಗುರು ಯಾವಾಗ ಅಸ್ತ, ಎಲ್ಲ ಬಾಯಿಪಾಠ. ಎಲ್ಲ ನೋಡಿ ಅವರು ಮಗನ ಹಲ್ಲಿಗೆ ಆರಿಸಿದ್ದು ಪುಷ್ಯ ಮುಗಿಯುವ ಅವರಾತ್ರಿ ಅಮಾವಾಸ್ಯೆ. ಅವತ್ತು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ.

ನಾನೂ ಜೊತೆಗೆ ಹೋಗಿದ್ದೆ. ಅದೇ ಡಾಕ್ಟರಮ್ಮ ಸಿಕ್ಕಳು. ಎದುರಿಗೆ ಒಂದು ಮಾದರಿ ದವಡೆ ಇಟ್ಟುಕೊಂಡು ತಿಳಿಸಿ ಹೇಳಿದಳು. ಮೇಲಿನ ಎರಡು ಕಡೆ ಒಂದೊಂದು ಹಲ್ಲು ತೆಗೆಯಬೇಕು, ಅಲ್ಲಿ ಜಾಗ ಆಗುತ್ತದೆ, ತಂತಿ ಹಾಕಿ ಮುಂದಿನ ಹಲ್ಲುಗಳನ್ನು ನಿಧಾನಕ್ಕೆ ಆ ಜಾಗಕ್ಕೆ ಎಳೆಯಬೇಕು. ತಿಂಗಳಿಗೊಮ್ಮೆ ತಪ್ಪದೆ ಬರಬೇಕು. ವಾದ್ಯ ಸದ್ಯಕ್ಕೆ ಬೇಡ. ವಸೀಂ ತಲೆ ಆಡಿಸಿದ್ದೇ ಆಡಿಸಿದ್ದು. ಹಲ್ಲು ತೆಗೆಸಿಕೊಂಡು ಹತ್ತಿ ಕಚ್ಚಿಕೊಂಡು ಹೊರಗೆ ಬಂದವನ ಕಣ್ಣಲ್ಲಿ ನೀರು, ಆದರೆ ಮುಖದ ತುಂಬ ನಗು. ಅವನು ಕೈ ಅಡ್ಡ ಇಡದೆ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

ತಂತಿಗೆ ಮುಂದಿನ ವಾರ ಬನ್ನಿ ಅಂದಳು. ಮಾಸ್ತರ್ರು ಮಾಘದ ಲಗ್ನಗಳಿವೆ, ಆಷಾಢದಲ್ಲಿ ಬರುತ್ತೇವೆ ಅಂದರು. ಅಷ್ಟು ತಡವೇ ಅಂತ ಅವಳ ಮುಖ ಸಣ್ಣದಾಯಿತು. ಹಾಗಾದರೆ ಜಾಗ ಕಾಯಲಿಕ್ಕೆ ಒಂದು ಪ್ಲೇಟು ಮಾಡಿಕೊಡುತ್ತೇನೆ, ಅಂಗುಳಿಗೆ ಕೂರುವಂಥದ್ದು, ಅದನ್ನಾದರೂ ವಾರ ಬಿಟ್ಟು ಬಂದು ತೆಗೆದುಕೊಂಡು ಹೋಗಿ ಅಂದಳು. ಬಾಯಿ ಅಚ್ಚು ತೆಗೆದುಕೊಂಡಳು. ನಾವು ಹೂಂ ಅಂದು ಬಸ್ಸು ಹತ್ತಿದೆವು.

ಆ ವಾರ ಬಿಟ್ಟ ದಿನ ಚಂದ್ರಶೇಖರಪ್ಪನವರ ದೊಡ್ಡ ಮಗಳು ಸುನಿತಾಳ ಮದುವೆ. ಅದಕ್ಕೆ ದೀಪಾವಳಿಯ ಹೊತ್ತಿಗೇ ಮಾಸ್ತರ್ರು ವೀಳ್ಯ ಹಿಡಿದಿದ್ದರು. ನಮ್ಮಲ್ಲಿ ಬರವಣಿಗೆ ಇಲ್ಲ, ಸಹಿ ಇಲ್ಲ. ಎಲೆ ಅಡಿಕೆ ತಟ್ಟೆಯಲ್ಲಿ ಇಟ್ಟು ಕೊಟ್ಟರೆ, ನಾವು ಎರಡೂ ಕೈಯಲ್ಲಿ ಹಿಡಿದರೆ, ಮಾತು ಆಯಿತು. ವೀಳ್ಯ ಹಿಡಿದ ಮೇಲೆ ಮಾಸ್ತರ್ರ ತಂದೆ ತೀರಿದ ದಿನವೂ ಸೆಟ್ ಮದುವೆಗೆ ಹೋಗಿತ್ತು. ಆಗಲ್ಲ ಅಂತ ಒಂದು ಮನೆಗೆ ಹೇಳಿದರೆ ಇಡೀ ಮಂಡಿ ಸಾಲಿಗೆ ಗೊತ್ತಾಗುತ್ತದೆ, ಮುಂದಿನ ವರ್ಷ ಎಲೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಚಂದ್ರಶೇಖರಪ್ಪನವರು ಕ್ಲಾರಿನೆಟ್ ಚೆನ್ನಾಗಿರಬೇಕು ಅಂತ ಬೇರೆ ಹೇಳಿದ್ದರು. ಕ್ಲಾರಿನೆಟ್ ಊದುವವನು ಈ ಹುಡುಗನೇ. ಮಾಸ್ತರ್ರಿಗೆ ಉಬ್ಬಸ ಶುರುವಾಗಿ ಎರಡು ಹಾಡಿಗೆ ಸುಸ್ತಾಗುತ್ತಿತ್ತು.

ಹಾಗಾಗಿ ಹಲ್ಲು ಕಿತ್ತ ಗಾಯ ಮಾಯುವ ಮೊದಲೇ ವಸೀಂ ದಿಬ್ಬಣದ ಮುಂದೆ ಊದಿದ. ನಡುವೆ ಒಮ್ಮೆ ಪಕ್ಕಕ್ಕೆ ತಿರುಗಿ ಉಗಿದ, ಕೆಂಪಾಗಿತ್ತು. ಎಲೆ ಅಡಿಕೆ ಹಾಕಿದ್ದಾನೆ ಅಂತ ಯಾರೋ ನಕ್ಕರು. ಕಾರಿನ ಕಿಟಕಿಯಲ್ಲಿ ಚೈತ್ರಳ ಕ್ಲಿಪ್ ಬಿಸಿಲಿಗೆ ಹೊಳೆಯುತ್ತಿತ್ತು.

ಪ್ಲೇಟು ತರಲಿಕ್ಕೆ ಆಮೇಲೂ ಹೋಗಲಿಲ್ಲ. ಮಾಸ್ತರ್ರ ಲೆಕ್ಕ ಅವರ ಕಸುಬಿನದು. ಅವರು ವಾದ್ಯ ರಿಪೇರಿಯನ್ನೂ ಮಾಡುತ್ತಾರೆ. ಕ್ಲಾರಿನೆಟ್ಟಿನ ತೂತು ಮುಚ್ಚುವ ಒಂದು ಕೀಲಿ ಬಿಚ್ಚಿಟ್ಟರೆ, ಹೊಸ ಕೀಲಿ ಸಿಗುವವರೆಗೆ ಆ ತೂತು ಅಲ್ಲೇ, ಅಷ್ಟೇ ಇರುತ್ತದೆ. ಈ ವರ್ಷ ಬಿಚ್ಚಿ, ಮುಂದಿನ ವರ್ಷ ಕೂರಿಸಿದರೂ ಕೂರುತ್ತದೆ. ಹಲ್ಲಿನದೂ ಹಾಗೇ ಅಂದುಕೊಂಡರು. ಮುಖ್ಯ ಕೆಲಸ, ಕೀಳುವುದು, ಆಗಿದೆ. ಉಳಿದದ್ದು ಆಷಾಢಕ್ಕೆ. ಪ್ಲೇಟು ಗೀಟು ಎಲ್ಲ ದೊಡ್ಡವರ ಮನೆಯ ಮಕ್ಕಳಿಗೆ ಶೋಕಿಗೆ ಅಂತ ಅಂದದ್ದು ನನಗೆ ನೆನಪಿದೆ. ನಾನೂ ಹೌದು ಅಂದಿದ್ದೆ.

ಬಾಯಿಯೊಳಗಿನ ಜಾಗ ವಾದ್ಯದ ತೂತಲ್ಲ. ಅದು ಸಂತೆ ದಿನದ ಬಸ್ಸಿನ ಸೀಟು. ಕಿಟಕಿಯಿಂದ ಟವೆಲ್ ಹಾಕಿ ಹಿಡಿದಿಟ್ಟುಕೊಂಡರೆ ನಮ್ಮದು, ಇಲ್ಲದಿದ್ದರೆ ಹಿಂದಿದ್ದವನು ಬಂದು ಕೂರುತ್ತಾನೆ. ಆಷಾಢದ ಮೊದಲ ವಾರವೇ ಹೋದೆವು. ಆ ಡಾಕ್ಟರಮ್ಮ ಓದು ಮುಗಿಸಿ ಹೋಗಿದ್ದಳು. ಬೇರೆ ಡಾಕ್ಟರು ನೋಡಿ, ಹಿಂದಿನ ಹಲ್ಲುಗಳು ಮುಂದೆ ಜಾರಿ ಬಂದಿವೆ, ಮಾಡಿದ ಜಾಗ ಅರ್ಧಕ್ಕಿಂತ ಹೆಚ್ಚು ಹೋಗಿದೆ ಅಂದರು. ಆಗೋದೇ ಇಲ್ಲ ಅನ್ನಲಿಲ್ಲ. ಮೊದಲು ಹಿಂದಿನವನ್ನು ಹಿಂದಕ್ಕೆ ದೂಡಬೇಕು, ಇನ್ನೂ ಹಲ್ಲು ತೆಗೆಯಬೇಕಾಗಬಹುದು, ವರ್ಷಗಳು ಹಿಡಿಯುತ್ತವೆ, ಒಂದು ಭೇಟಿಯೂ ತಪ್ಪಬಾರದು ಅಂದರು. ಪ್ಲೇಟು ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ ಅಂತಲೂ ಅಂದರು. ಅವರು ಸಿಟ್ಟು ಮಾಡಲಿಲ್ಲ, ಮೆತ್ತಗೇ ಹೇಳಿದರು. ಅದನ್ನು ಕೇಳಿ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕು ತಿಳಿಯದೆ, ಹೊರಗೆ ಬಂದು ಕಡಲೆಕಾಯಿ ಮಾರುವವನ ಜೊತೆ ಚಿಲ್ಲರೆ ವಿಷಯಕ್ಕೆ ಜಗಳ ಮಾಡಿದೆ.

ಮನೆಯಲ್ಲಿ ಕುಬ್ರಾ ಬೀ ಅಕ್ಕ ಎಲ್ಲ ಕೇಳಿಸಿಕೊಂಡು, ಅಡಿಗೆಮನೆ ಬಾಗಿಲಲ್ಲೇ ನಿಂತು ಗಂಡನಿಗೆ ಹೇಳಿದರು. ‘ಇದ್ದದ್ದನ್ನ ಕೀಳಿಸಿದ್ರಿ. ತಂತಿ ಹಾಕ್ಸಕ್ಕೆ ನಿಮಗೆ ದಿನ ಸಿಗ್ಲಿಲ್ಲ. ಇನ್ನ ನನ್ನ ಮಗನ ಬಾಯಿಗೆ ಕೈ ಹಚ್ಚಬ್ಯಾಡ್ರಿ.’

ಮಾಸ್ತರ್ರು ಡಾಕ್ಟರ ಚೀಟಿ ಮಡಚಿ ಪಂಚಾಂಗದೊಳಗೆ ಇಟ್ಟರು. ಅಲ್ಲಿಗೆ ಆ ಮಾತು ಮುಗಿಯಿತು.

ನಡುವೆ ಒಂದು ಒಳ್ಳೇ ಕಾಲ ಬಂದಿತ್ತು. ಹೇಳಿದರೆ ಜನ ಬೈಯುತ್ತಾರೆ. ಕೊರೊನಾ ಕಾಲ. ಮಾಸ್ಕ್ ಹಾಕಿಕೊಂಡು ಊದಲಿಕ್ಕೆ ಆಗುವುದಿಲ್ಲವಲ್ಲ, ಹಾಗಾಗಿ ಬ್ಯಾಂಡಿಗೆ ಕೆಲಸವಿಲ್ಲ. ಆದರೆ ಐವತ್ತು ಜನರ ಸಣ್ಣ ಮದುವೆಗೆ ಒಬ್ಬ ಹಾಡುವವನು, ಒಂದು ಕೀಬೋರ್ಡ್, ನಾನೊಬ್ಬ ತಾಳಕ್ಕೆ, ಇಷ್ಟಿದ್ದರೆ ಸಾಕಿತ್ತು. ಕಪ್ಪು ಮಾಸ್ಕ್ ಹಾಕಿಕೊಂಡು ವಸೀಂ ಮೈಕ್ ಹಿಡಿದ. ನಮ್ಮ ಕುಬಟೂರಿನ ಒಂದು ಮದುವೆಯಲ್ಲಿ ಅವನು ಸೋಬಾನೆ ಹಾಡಿದಾಗ ಮದುಮಗಳ ಅಜ್ಜಿ ಎದ್ದು ಬಂದು ಅವನ ತಲೆ ಸವರಿ ದೃಷ್ಟಿ ತೆಗೆದಳು. ಕೈಕಾಲು ಆಡಿಸುತ್ತಾ, ಕಣ್ಣಲ್ಲೇ ನಗುತ್ತಾ ಹಾಡುತ್ತಿದ್ದ. ಇವನು ನಮ್ಮ ವಸೀಮನೇ ಅಂತ ನಾನೇ ನೋಡುತ್ತಾ ತಾಳ ತಪ್ಪಿದ್ದೇನೆ. ಇಡೀ ದೇಶ ಮಾಸ್ಕ್ ಯಾವಾಗ ತೆಗೆಯುತ್ತೇವೋ ಅಂತ ಕಾಯುತ್ತಿದ್ದರೆ ಆ ಹುಡುಗ ಒಬ್ಬನಿಗೆ ಮಾತ್ರ ಅದು ಹೋಗುವುದು ಬೇಡವಾಗಿತ್ತು.

ಅದೇ ಮದುವೆಯಲ್ಲಿ ಕೇಳಿದವರ ಬಾಯಿಂದ ಬಾಯಿಗೆ ಹೋಗಿ, ಸೊರಬದ ಒಬ್ಬ ಆರ್ಕೆಸ್ಟ್ರಾದವರು ಹುಡುಕಿಕೊಂಡು ಬಂದರು. ಮಾಸ್ತರ್ರ ಮನೆಯ ಜಗಲಿಯಲ್ಲಿ ಕೂತು ಎರಡು ಹಾಡು ಹಾಡಿಸಿ ಕೇಳಿದರು. ಮುಂದಿನ ಸೀಸನ್ನಿಗೆ ನೀನೇ ನಮ್ಮ ಮುಖ್ಯ ಗಾಯಕ, ಫ್ಲೆಕ್ಸ್ ಮಾಡಿಸಬೇಕು, ಮಾಸ್ಕ್ ತೆಗೆದು ನಗುತ್ತಾ ಇರುವ ಒಂದು ಫೋಟೋ ಕಳಿಸು ಅಂದು, ಟೀ ಕುಡಿದು ಹೋದರು. ವಸೀಂ ಸ್ಟುಡಿಯೋಗೆ ಹೋದ. ಬಾಗಿಲ ತನಕ ಹೋಗಿ ಬಂದನೋ, ಒಳಗೆ ಹೋಗಿ ತೆಗೆಸಿಕೊಳ್ಳದೆ ಬಂದನೋ ನನಗೆ ಗೊತ್ತಿಲ್ಲ. ಕೊನೆಗೆ ಅವನು ಕಳಿಸಿದ್ದು ಹಳೆಯ ಮದುವೆಯ ಫೋಟೋ, ಕ್ಲಾರಿನೆಟ್ ಕಚ್ಚಿಕೊಂಡದ್ದು. ಅವರು ಫೋನ್ ಮಾಡಿ, ನಮಗೆ ಊದುವವರು ಬೇಡಪ್ಪ, ಹಾಡುವವನ ಮುಖ ಬೇಕು ಅಂದರು. ಇವನು ಆಯ್ತು ಸರ್ ಅಂದ. ಮತ್ತೆ ಫೋಟೋ ಕಳಿಸಲಿಲ್ಲ. ಎಲ್ಲರೂ ಬಿಟ್ಟ ಮೇಲೂ ಬಹಳ ದಿನ ಮಾಸ್ಕ್ ಹಾಕಿಕೊಂಡೇ ಓಡಾಡುತ್ತಿದ್ದ. ಏನಪ್ಪಾ ಟಿಬಿಯಾ ಅಂತ ಜನ ದೂರ ಕೂರಲು ಶುರು ಮಾಡಿದಾಗ ತೆಗೆದ. ಕ್ಲಾರಿನೆಟ್ ಮತ್ತೆ ಬಾಯಿಗೆ ಬಂತು.

ಈ ವರ್ಷ ಚೈತ್ರಳ ಮದುವೆ. ವೀಳ್ಯ ಹಿಡಿಯಲು ಮಂಡಿಗೆ ನಾವು ಮೂವರೂ ಹೋಗಿದ್ದೆವು. ಚಂದ್ರಶೇಖರಪ್ಪನವರು ಮೆಕ್ಕೆಜೋಳದ ಚೀಲಗಳ ನಡುವೆ ಕುರ್ಚಿ ಹಾಕಿಸಿ ಟೀ ತರಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ವಸೀಂ ಗ್ಲಾಸನ್ನು ತುಟಿಗೆ ಇಡುವಾಗ ಅವನ ಬಾಯಿಯನ್ನೇ ನೋಡುತ್ತಿದ್ದು ಕೇಳಿದರು.

‘ಸಾಬ್ರೇ, ಇವಂಗೆ ಆಗ್ಲೇ ಒಂದು ಕ್ಲಿಪ್ ಹಾಕಿಸ್ಬಾರ್ದಿತ್ತೇನ್ರೀ? ನಮ್ ಚೈತ್ರಂಗೆ ಹಾಕಿಸಿದ್ವಿ, ನೋಡ್ರಿ, ಈಗ ಎಷ್ಟು ಲಕ್ಷಣ ಆಗೈತೆ.’

ಮಾಸ್ತರ್ರು ನಕ್ಕು, ಹಾಕಿಸಲಿಕ್ಕೇ ಹೋಗಿದ್ದೆವು, ಸುನಿತಮ್ಮನ ಮದುವೆ ಅಡ್ಡ ಬಂತು ಅಂತ ಬಾಯಿ ತಪ್ಪಿ ಹೇಳಿಬಿಟ್ಟರು.

‘ಅಯ್ಯೋ, ಒಂದು ಮಾತು ಹೇಳ್ಬಾರ್ದಿತ್ತಾ? ನಾನೇನ್ ರಾಕ್ಷಸನಾ? ಬ್ಯಾರೇ ಸೆಟ್ ಕರಿಸ್ತಿದ್ದೆ, ಮುಗೀತಿತ್ತು.’

ಅವರು ಮನಸಾರೆ ಹೇಳಿದ್ದು. ಅದಕ್ಕೇ ನನಗೆ ಸಿಟ್ಟು ಬಂದದ್ದು. ಬೇರೆ ಸೆಟ್ ಕರೆಸುತ್ತಾರೆ ಅನ್ನುವ ಒಂದೇ ಭಯಕ್ಕೆ ಮಾಸ್ತರ್ರು ಹೇಳಿರಲಿಲ್ಲ. ನಾನು ಬಾಯಿ ತೆರೆಯುವುದನ್ನು ಕಂಡು ಮಾಸ್ತರ್ರು ನನ್ನ ಕಾಲು ತುಳಿದರು. ತಟ್ಟೆ ಬಂತು. ಎರಡೂ ಕೈಯಲ್ಲಿ ಎಲೆ ಹಿಡಿದರು.

ಮದುವೆ ದಿನ ಊಟದ ಹೊತ್ತಿಗೆ ಹಾಡಲು ಅವರು ಶಿವಮೊಗ್ಗದಿಂದ ಆರ್ಕೆಸ್ಟ್ರಾ ಹೇಳಿದ್ದರು. ಅದರ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು. ಎಲೆ ಹಾಕಿ ಆಗಿದೆ, ಬೀಗರು ಕೂತಿದ್ದಾರೆ, ಮೈಕ್ ಸುಮ್ಮನೆ ಇದೆ. ಚಂದ್ರಶೇಖರಪ್ಪನವರು ಬೆವರುತ್ತಾ ಬಂದು, ಏನಾದರೂ ಒಂದು ಹಾಡು ಹಾಕ್ರಿ ಸಾಬ್ರೇ, ಮೊಬೈಲಿಂದಾದರೂ ಹಾಕ್ರಿ ಅಂದು ಓಡಿದರು. ಮಾಸ್ತರ್ರು ಮಗನ ಕಡೆ ನೋಡಿದರು.

ವಸೀಂ ಕ್ಲಾರಿನೆಟ್ಟನ್ನು ನನ್ನ ಕೈಗೆ ಕೊಟ್ಟು, ವೈರ್ ಇಲ್ಲದ ಮೈಕ್ ತೆಗೆದುಕೊಂಡು, ಛತ್ರದ ಹಿಂದೆ ನಿಂತಿದ್ದ ನಮ್ಮ ಟೆಂಪೋ ಹತ್ತಿ ತಾಡಪಾಲು ಇಳಿಬಿಟ್ಟುಕೊಂಡ. ‘ನೀವು ಯಾರೂ ಬಾರಿಸ್ಬ್ಯಾಡ್ರಿ’ ಅಂತ ಒಳಗಿಂದ ಹೇಳಿದ. ‘ಬಾರಿಸಿದ್ರೆ ಎಲ್ಲ ಈ ಕಡೆ ನೋಡ್ತಾರೆ.’

ಸೋಬಾನೆ ಶುರುವಾಯಿತು. ಬರೀ ದನಿ. ಕುಬಟೂರಿನ ಅಜ್ಜಿಯನ್ನು ಎಬ್ಬಿಸಿದ್ದು ಅದೇ ಪದ, ಈಗ ವಯಸ್ಸು ಕೂಡಿ ಇನ್ನೂ ಆಳವಾಗಿತ್ತು. ಛತ್ರದ ಒಳಗೆ ಪಾಯಸ ಬಡಿಸುವವರು ಬಕೆಟ್ ಹಿಡಿದು ನಿಂತುಬಿಟ್ಟರು. ಮುದುಕಿಯರು ಊಟ ಬಿಟ್ಟು ಸ್ಪೀಕರ್ ಕಡೆ ಮುಖ ಮಾಡಿದರು, ಅದರೊಳಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ. ನಾನು ಕ್ಲಾರಿನೆಟ್ ಹಿಡಿದು ತಾಡಪಾಲಿನ ಹತ್ತಿರ ನಿಂತಿದ್ದೆ. ಎಳೆದು ಬಿಸಾಕಿಬಿಡೋಣ ಅನ್ನಿಸಿತು. ಕೈ ಮೇಲಕ್ಕೂ ಹೋಗಿತ್ತು. ಮಾಸ್ತರ್ರು ಬೇಡ ಅಂತ ತಲೆ ಅಲ್ಲಾಡಿಸಿದರು.

ಪದ ಮುಗಿಯಿತು. ಚಂದ್ರಶೇಖರಪ್ಪನವರು ಎಂಜಲು ಕೈಯಲ್ಲೇ ಹೊರಗೆ ಬಂದರು.

‘ಯಾರ್ರೀ ಹಾಡಿದ್ದು ಅದು?’

ಮಾಸ್ತರ್ರು ಟೆಂಪೋ ಕಡೆ ನೋಡಲಿಲ್ಲ. ‘ಪೆನ್ ಡ್ರೈವ್ ರೀ’ ಅಂದರು.

‘ಮ್ಯೂಸಿಕ್ಕೇ ಇಲ್ವಲ್ರೀ?’

‘ಹಂಗೇ ರೆಕಾರ್ಡ್ ಮಾಡಿದ್ದು ರೀ ಅದು. ಹಳೇದು.’

‘ಏನ್ ಕಂಠ ಮಾರಾಯ್ರೆ. ನಮ್ಮವ್ವ ಇದ್ದಿದ್ರೆ ಅತ್ತುಬಿಡ್ತಿದ್ಲು. ನಂಗೊಂದು ಕಾಪಿ ಮಾಡ್ಕೊಡ್ರಿ, ಮರೀಬ್ಯಾಡ್ರಿ.’

ಅವರು ಹೋದ ಮೇಲೆ ತಾಡಪಾಲು ಎತ್ತಿ ವಸೀಂ ಇಳಿದ. ನನ್ನ ಕೈಯಿಂದ ಕ್ಲಾರಿನೆಟ್ ತೆಗೆದುಕೊಂಡು, ಅಂಗಿಯ ತುದಿಯಿಂದ ಬಾಯಿಡುವ ಜಾಗ ಒರೆಸಿ, ಕಚ್ಚಿಕೊಂಡ. ವೇದಿಕೆಯ ಮೇಲೆ ಚೈತ್ರ ಫೋಟೋಕ್ಕೆ ನಿಂತಿದ್ದಳು. ಹಲ್ಲು ಕಾಣೋ ಹಾಗೆ ನಗಿ ಅಂತ ಫೋಟೋದವನು ಹೇಳುವ ಮೊದಲೇ ನಗುತ್ತಿದ್ದಳು.

ಚಂದ್ರಶೇಖರಪ್ಪನವರು ಆ ಪೆನ್ ಡ್ರೈವ್ ಇನ್ನೂ ಮರೆತಿಲ್ಲ. ಮಂಡಿ ಮುಂದೆ ಹೋದಾಗಲೆಲ್ಲ ಕೂಗಿ ಕೇಳುತ್ತಾರೆ. ಮಾಸ್ತರ್ರು ಸೈಕಲ್ ನಿಲ್ಲಿಸದೆ ಕೈ ಎತ್ತಿ, ನಾಳೆ ತರ್ತೀನಿ ರೀ ಅನ್ನುತ್ತಾರೆ. ಈಚೆಗೆ ಅವರು ಮಂಡಿ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದಾರೆ.